ಎರಡು ಇಂಚು ಎತ್ತಿಸಿದ ಜಿಪ್ಸಿಗೆ 31 ಇಂಚಿನ ಟೈರ್ ಹಾಕಿಸಬಹುದೇ?

ನಿಮ್ಮ ಪ್ರಶ್ನೆ ಹೀಗಿದೆ: ಪವರ್ ಸ್ಟೀರಿಂಗ್ ಇಲ್ಲದ, ಎಂಪಿಎಫ್‌ಐ (ಇಂಜೆಕ್ಷನ್ ಪೆಟ್ರೋಲ್ ಎಂಜಿನ್) ಇರುವ ಮಾರುತಿ ಜಿಪ್ಸಿ ಕಿಂಗ್ ತೆಗೆದುಕೊಂಡಿದ್ದೀರಿ. ಹಿಂದಿನವರು ಎರಡು ಇಂಚು ಲಿಫ್ಟ್ ಮಾಡಿಸಿದ್ದಾರೆ, ರಿಮ್ ಕಂಪನಿಯದೇ. ಸಕಲೇಶಪುರದ ಕಡೆ ತೋಟದ ದಾರಿಯಲ್ಲಿ ಓಡಾಟ, ಆಗಾಗ ಬೆಂಗಳೂರಿಗೂ ಹೋಗಬೇಕು. 31 ಇಂಚಿನ ಮಡ್ ಟೈರ್ ಹಾಕಿಸಿದರೆ ಉಜ್ಜುತ್ತದೆಯೇ, ಜೊತೆಗೆ ಇನ್ನೇನು ಬದಲಾಯಿಸಬೇಕು?

ಉಜ್ಜುತ್ತದೆ. ಆದರೆ ಉಜ್ಜುವುದು ಇಲ್ಲಿ ಸಣ್ಣ ತೊಂದರೆ. ಅದಕ್ಕೆ ಗ್ರೈಂಡರ್ ಇದೆ, ಫೆಂಡರ್ ಕತ್ತರಿಸಿದರೆ ಮುಗಿಯಿತು. ಗೇರ್ ವಿಷಯಕ್ಕೆ ಗ್ರೈಂಡರ್ ಸಾಲದು. ನಾನೂ ಅದೇ ಸೀಮೆಯಲ್ಲಿ ಜಿಪ್ಸಿ ಓಡಿಸುವವನು. ನನ್ನ ಸಲಹೆ ಕೇಳಿದರೆ 235/75 ಆರ್15 (235 ಮಿಲಿಮೀಟರ್ ಅಗಲ, ಪಕ್ಕೆಯ ಎತ್ತರ ಅಗಲದ ಶೇಕಡಾ 75, ರಿಮ್ 15 ಇಂಚು) ಟೈರ್‌ಗೆ ನಿಲ್ಲಿಸಿ. 31 ಬೇಕೇಬೇಕು ಅನ್ನಿಸಿದರೆ ಮೊದಲು ಟ್ರಾನ್ಸ್‌ಫರ್ ಕೇಸ್‌ನ (ಎಂಜಿನ್ ಬಲವನ್ನು ಮುಂದಿನ, ಹಿಂದಿನ ಆಕ್ಸಲ್‌ಗಳಿಗೆ ಹಂಚುವ ಗೇರ್ ಪೆಟ್ಟಿಗೆ) ಗೇರ್‌ಗೆ ದುಡ್ಡು ಕೂಡಿಸಿ, ಟೈರ್ ಆಮೇಲೆ.

ಯಾಕೆ ಅಂತ ಲೆಕ್ಕದಲ್ಲೇ ನೋಡೋಣ. ನಿಮ್ಮ ಗಾಡಿಗೆ ಕಂಪನಿ ಕೊಟ್ಟ ರೇಡಿಯಲ್ ಟೈರ್ 205/70 ಆರ್15. ಅದರ ಎತ್ತರ 668 ಮಿಲಿಮೀಟರ್, ಅಂದರೆ 26 ಇಂಚು ಚಿಲ್ಲರೆ. 235/75 ಆರ್15 ಹಾಕಿದರೆ 733 ಮಿಲಿಮೀಟರ್, ಹತ್ತಿರ ಹತ್ತಿರ 29 ಇಂಚು. 31x10.5 (31 ಇಂಚು ಎತ್ತರ, ಹತ್ತೂವರೆ ಇಂಚು ಅಗಲ) ಆದರೆ ಕಾಗದದ ಮೇಲೆ 787 ಮಿಲಿಮೀಟರ್. ಮೊದಲನೆಯ ಬದಲಾವಣೆಯಲ್ಲಿ ಎತ್ತರ ಶೇಕಡಾ 10ರಷ್ಟು ಹೆಚ್ಚುತ್ತದೆ, ಎರಡನೆಯದರಲ್ಲಿ 18ರಷ್ಟು. ಅದಕ್ಕೆ ತಕ್ಕಂತೆ ನಿಮ್ಮ ಎಲ್ಲ ಗೇರ್‌ಗಳಿಂದ ಮೊದಲನೆಯದರಲ್ಲಿ ಶೇಕಡಾ 9ರಷ್ಟು, ಎರಡನೆಯದರಲ್ಲಿ 15ರಷ್ಟು ಬಲ ಕಳೆದುಹೋಗುತ್ತದೆ. ಚಕ್ರ ದೊಡ್ಡದಾದಷ್ಟೂ ಆಕ್ಸಲ್‌ನ ಒಂದು ಸುತ್ತಿಗೆ ಗಾಡಿ ಹೆಚ್ಚು ದೂರ ಹೋಗುತ್ತದೆ, ಅಷ್ಟೇ ಪ್ರಮಾಣದಲ್ಲಿ ತಳ್ಳುವ ಶಕ್ತಿ ಇಳಿಯುತ್ತದೆ. ಜಿಪ್ಸಿಯ ಫೋರ್ ಲೋ (ನಾಲ್ಕೂ ಚಕ್ರಕ್ಕೆ ಬಲ ಕೊಡುವ ನಿಧಾನದ ಗೇರ್) ಅನುಪಾತ 2.268. 31 ಹಾಕಿದ ಕೂಡಲೇ ಅದು 1.93 ಆದಂತೆ ನಡೆದುಕೊಳ್ಳುತ್ತದೆ. ಜಿಪ್ಸಿಯ ಲೋ ಗೇರ್ ಮೊದಲೇ ಅಷ್ಟೇನೂ ಲೋ ಅಲ್ಲ ಅಂತ ಕಲ್ಲಿನ ಏರಿನಲ್ಲಿ ಹಾಫ್ ಕ್ಲಚ್ ಹಿಡಿದವರಿಗೆಲ್ಲ ಗೊತ್ತು.

ಎಂಜಿನ್ ಕಡೆಗೂ ನೋಡಿ. 1298 ಸಿಸಿ, 80 ಅಶ್ವಶಕ್ತಿ. 103 ನ್ಯೂಟನ್ ಮೀಟರ್ ಟಾರ್ಕ್ ಸಿಗುವುದು 4500 ಆರ್‌ಪಿಎಂನಲ್ಲಿ. ಡೀಸೆಲ್ ಜೀಪಿನ ಹಾಗೆ ಕೆಳಗಿನ ಆರ್‌ಪಿಎಂನಲ್ಲಿ ಗುದ್ದಿ ಏರುವ ಎಂಜಿನ್ ಅಲ್ಲ ಇದು, ತಿರುಗಿಸಿದರೆ ಮಾತ್ರ ಕೆಲಸ ಮಾಡುವಂಥದ್ದು. ಕೊಡಚಾದ್ರಿಯ ಜೀಪ್ ದಾರಿಯಂಥ ಕಡೆ ಗಾಡಿ ನಡಿಗೆಯ ವೇಗದಲ್ಲಿ ಕಲ್ಲು ಹತ್ತಬೇಕು. ಅಲ್ಲಿ ಈ ಎಂಜಿನ್‌ಗೆ ದೊಡ್ಡ ಚಕ್ರ ಕಟ್ಟಿದರೆ ಉಳಿಯುವುದು ಎರಡೇ ದಾರಿ: ಕ್ಲಚ್ ಸುಡುವುದು, ಇಲ್ಲವೇ ವೇಗವಾಗಿ ನುಗ್ಗುವುದು. ಎರಡನೆಯದು ಆಕ್ಸಲ್ ಮುರಿಯುವ ದಾರಿ.

ಬ್ರೇಕ್ ಬಗ್ಗೆ ನಮ್ಮಲ್ಲಿ ಯಾರೂ ಕೇಳುವುದೇ ಇಲ್ಲ, ಅದೇ ನನಗೆ ದಿಗಿಲು. ಡಿಸ್ಕ್ ಅದೇ, ಡ್ರಮ್ ಅದೇ, ಚಕ್ರ ಮಾತ್ರ ದೊಡ್ಡದು. ಪೆಡಲ್ ಮೇಲೆ ಅಷ್ಟೇ ಕಾಲು ಊರಿದರೆ ನೆಲದ ಹತ್ತಿರ ಸಿಗುವ ತಡೆ 31 ಇಂಚಿನಲ್ಲಿ ಶೇಕಡಾ 15ರಷ್ಟು ಕಡಿಮೆ. ಇಳಿಜಾರಿನಲ್ಲಿ ಎಂಜಿನ್ ಬ್ರೇಕಿಂಗ್ ಕೂಡ ಅಷ್ಟೇ ಇಳಿಯುತ್ತದೆ. ಮಳೆಗಾಲದಲ್ಲಿ ಬಿಸಿಲೆ ಘಾಟಿ ಇಳಿಯುವಾಗ, ಹಿಂದೆ ನಾಲ್ಕು ಜನ ಕೂತಿರುವಾಗ, ಈ ಎರಡೂ ಒಟ್ಟಿಗೆ ಕೈಕೊಡುವುದು ಬೇಡ. ಏನೇ ಟೈರ್ ಹಾಕಿಸುವ ಮುಂಚೆ ಹಿಂದಿನ ಡ್ರಮ್ ಬಿಚ್ಚಿಸಿ ಲೈನಿಂಗ್ ನೋಡಿಸಿ, ವೀಲ್ ಸಿಲಿಂಡರ್ ಸೋರುತ್ತಿದೆಯೇ ನೋಡಿಸಿ.

ಈಗ ಲಿಫ್ಟ್. ಎರಡು ಇಂಚು ಎತ್ತಿಸಿದೆ, ಆದ್ದರಿಂದ ಕಲ್ಲಿಗೆ ತಾಗುವುದಿಲ್ಲ ಎಂದು ಬರೆದಿದ್ದೀರಿ. ಹಾಗಲ್ಲ. ಲಿಫ್ಟ್ ಎತ್ತುವುದು ಬಾಡಿಯನ್ನು, ಚಾಸಿಯನ್ನು. ಜಿಪ್ಸಿಯದು ಹಿಂದೆ ಮುಂದೆ ಎರಡೂ ಗಟ್ಟಿ ಆಕ್ಸಲ್, ಡಿಫರೆನ್ಶಿಯಲ್‌ನ ಗುಂಡು ಚಕ್ರಗಳ ನಡುವೆ ನೇತಾಡುತ್ತದೆ. ಕಮಾನು (ಲೀಫ್ ಸ್ಪ್ರಿಂಗ್) ಎಷ್ಟು ಎತ್ತಿದರೂ ಆ ಗುಂಡು ಇದ್ದಲ್ಲೇ ಇರುತ್ತದೆ. ಅದನ್ನು ನೆಲದಿಂದ ಮೇಲೆತ್ತುವುದು ಟೈರ್ ಒಂದೇ, ಅದೂ ಹೆಚ್ಚಿದ ಎತ್ತರದ ಅರ್ಧದಷ್ಟು. 235/75ಕ್ಕೆ 33 ಮಿಲಿಮೀಟರ್, 31ಕ್ಕೆ ಸುಮಾರು 60. ದೊಡ್ಡ ಟೈರ್ ಬೇಕು ಅನ್ನಿಸುವುದಕ್ಕೆ ಇದೊಂದು ನ್ಯಾಯವಾದ ಕಾರಣ, ನಾನು ಅಲ್ಲಗಳೆಯುವುದಿಲ್ಲ. ಲಾರಿ, ಟ್ರ್ಯಾಕ್ಟರ್ ಓಡಾಡಿ ಕೊರೆದ ತೋಟದ ದಾರಿಯಲ್ಲಿ ನಡುವಿನ ದಿಬ್ಬಕ್ಕೆ ಡಿಫರೆನ್ಶಿಯಲ್ ತಾಗಿ ಗಾಡಿ ಕೂತಾಗ ಆ 33 ಮಿಲಿಮೀಟರ್‌ನ ಬೆಲೆ ತಿಳಿಯುತ್ತದೆ.

ಲಿಫ್ಟ್ ಹೇಗೆ ಮಾಡಿಸಿದ್ದಾರೆ ಅನ್ನುವುದನ್ನೂ ನೋಡಿ. ಉದ್ದದ ಶ್ಯಾಕಲ್ (ಕಮಾನಿನ ತುದಿಯನ್ನು ಚಾಸಿಗೆ ಸೇರಿಸುವ ಕೊಂಡಿ) ಹಾಕಿ ಎತ್ತಿಸಿದ್ದರೆ ಮುಂದಿನ ಆಕ್ಸಲ್ ಮುಂದಕ್ಕೆ ವಾಲಿ ಕ್ಯಾಸ್ಟರ್, ಅಂದರೆ ಸ್ಟೀರಿಂಗ್ ತಿರುಗುವ ಅಕ್ಷದ ಹಿಂದಕ್ಕಿರುವ ಓರೆ, ಕಡಿಮೆಯಾಗಿರುತ್ತದೆ. ಹೈವೇಯಲ್ಲಿ ಸ್ಟೀರಿಂಗ್ ನೆಟ್ಟಗೆ ನಿಲ್ಲದೆ ಅಲೆಯುವುದು ಅದರ ಗುರುತು. ಅದರ ಮೇಲೆ ಭಾರದ ಟೈರ್ ಕೂಡಿಸಿದರೆ ಅಲೆತ ಹೆಚ್ಚಾಗುತ್ತದೆ. ಕಿಂಗ್‌ಪಿನ್ (ಮುಂದಿನ ಚಕ್ರ ಎಡಬಲಕ್ಕೆ ತಿರುಗುವ ಗೂಟ) ಬೇರಿಂಗ್ ಸವೆದಿದ್ದರಂತೂ ಒಂದು ವೇಗಕ್ಕೆ ಬಂದ ಕೂಡಲೇ ಸ್ಟೀರಿಂಗ್ ಎಡಬಲಕ್ಕೆ ಕಿತ್ತುಕೊಂಡು ಹೋಗುವಂತೆ ನಡುಗುತ್ತದೆ. ಗ್ಯಾರೇಜಿನಲ್ಲಿ ಅದಕ್ಕೆ ವೀಲ್ ಬ್ಯಾಲೆನ್ಸಿಂಗ್ ಅಂತ ಹಣ ಕೀಳುತ್ತಾರೆ, ನಡುಕ ಹಾಗೇ ಇರುತ್ತದೆ. ಮುಂದಿನ ಚಕ್ರ ಜ್ಯಾಕ್ ಮಾಡಿ, ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ ನೋಡಿ. ಆಟ ಇದ್ದರೆ ಟೈರ್ ಅಂಗಡಿಗೆ ಹೋಗುವ ಮುಂಚೆ ಕಿಂಗ್‌ಪಿನ್, ವೀಲ್ ಬೇರಿಂಗ್ ಎರಡನ್ನೂ ಮಾಡಿಸಬೇಕು. ಶ್ಯಾಕಲ್‌ನಿಂದ ಬಂದ ಓರೆಯನ್ನು ಕಮಾನು ಮತ್ತು ಆಕ್ಸಲ್ ನಡುವೆ ಓರೆ ಪ್ಯಾಕಿಂಗ್ ಕೊಟ್ಟು ತಕ್ಕಮಟ್ಟಿಗೆ ಸರಿಪಡಿಸಬಹುದು.

ರಿಮ್ ವಿಷಯ ಅಂಗಡಿಯವರು ಹೇಳುವುದಿಲ್ಲ. ಕಂಪನಿಯ ರಿಮ್ ಐದೂವರೆ ಇಂಚು ಅಗಲ. 215/75 ಆರ್15 ಅದರ ಮೇಲೆ ಸರಿಯಾಗಿ ಕೂರುತ್ತದೆ. 235ಕ್ಕೆ ಕನಿಷ್ಠ ಆರು ಇಂಚಿನ ರಿಮ್ ಬೇಕು, 31x10.5ಕ್ಕೆ ಕನಿಷ್ಠ ಏಳು. ಐದೂವರೆಯ ಮೇಲೆ 235 ಹತ್ತಿಸಿ ಓಡಿಸುವವರು ಬೇಕಾದಷ್ಟು ಜನ ಇದ್ದಾರೆ. ಆದರೆ ಟೈರ್‌ನ ನಡುಭಾಗ ಉಬ್ಬಿ ಅಲ್ಲೇ ಸವೆಯುತ್ತದೆ, ತಿರುವಿನಲ್ಲಿ ಗಾಡಿ ತೇಲಿದಂತಾಗುತ್ತದೆ. ಹೊಸ ರಿಮ್ ತೆಗೆದುಕೊಳ್ಳುವುದಾದರೆ 5x139.7 ಬೋಲ್ಟ್ ಅಳತೆ, ನಡುವಿನ ತೂತು 108 ಮಿಲಿಮೀಟರ್ ನೋಡಿಕೊಳ್ಳಿ. ಜಿಮ್ನಿಯದೂ ಇದೇ ಅಳತೆ. ಆಫ್‌ಸೆಟ್ (ಚಕ್ರ ಎಷ್ಟು ಒಳಗೆ ಅಥವಾ ಹೊರಗೆ ಕೂರುತ್ತದೆ ಅನ್ನುವ ಅಳತೆ) ಸ್ವಲ್ಪ ಹೊರಗೆ ಬಂದರೆ ಒಳ್ಳೆಯದು. ಪೂರ್ತಿ ಸ್ಟೀರಿಂಗ್ ತಿರುಗಿಸಿದಾಗ ಅಗಲದ ಟೈರ್ ಮೊದಲು ತಾಗುವುದು ಒಳಗಿನ ಕಮಾನಿಗೆ. ಚಕ್ರ ತೀರಾ ಹೊರಗೆ ಹೋದರೆ ಬೇರಿಂಗ್ ಮೇಲೆ ಭಾರ, ಸ್ಟೀರಿಂಗ್ ಕಲ್ಲಿನಂತೆ ಗಟ್ಟಿ. ಪವರ್ ಸ್ಟೀರಿಂಗ್ ಇಲ್ಲದ ಗಾಡಿಯಲ್ಲಿ 31ರ ಅಗಲ ಬೆಂಗಳೂರಿನ ಪಾರ್ಕಿಂಗ್‌ನಲ್ಲಿ ಭುಜ ನೋಯಿಸುತ್ತದೆ.

ಇನ್ನು ಕೆಸರು. ಅಗಲ ಹೆಚ್ಚಿದಷ್ಟೂ ಹಿಡಿತ ಹೆಚ್ಚು ಅನ್ನುವ ನಂಬಿಕೆ ನಮ್ಮ ಮಲೆನಾಡಿಗೆ ಹೊಂದುವುದಿಲ್ಲ. ಇಲ್ಲಿಯ ಹೆಚ್ಚಿನ ದಾರಿಗಳಲ್ಲಿ ಮೇಲೆ ಒಂದು ಗೇಣು ಕೆಂಪು ರಾಡಿ, ಕೆಳಗೆ ಜಂಬಿಟ್ಟಿಗೆ ಅಥವಾ ಕಲ್ಲು ಹಾಸಿದ ಗಟ್ಟಿ ನೆಲ. ಕಿರಿದಾದ, ಎತ್ತರದ ಟೈರ್ ರಾಡಿಯನ್ನು ಸೀಳಿ ಆ ಗಟ್ಟಿಯನ್ನು ಹಿಡಿಯುತ್ತದೆ. ಹತ್ತೂವರೆ ಇಂಚು ಅಗಲದ್ದು, ಒಂದು ಟನ್ ಆಸುಪಾಸಿನ ಗಾಡಿಯ ಕೆಳಗೆ, ರಾಡಿಯ ಮೇಲೇ ಜಾರುತ್ತದೆ. ಅಗಲದ ಟೈರ್ ಬೇಕಾಗುವುದು ಮರಳಿಗೆ, ತಳವೇ ಸಿಗದ ಕೆಸರಿಗೆ. ಉತ್ತರ ಕರ್ನಾಟಕದ ಎರೆ ಮಣ್ಣಿನ ಕಥೆ ಬೇರೆ. ಮಳೆ ಬಿದ್ದ ಮೇಲೆ ಅದು ಎಂಥ ಟೈರ್‌ನ ಹಲ್ಲಿಗೂ ಮೆತ್ತಿಕೊಂಡು ನುಣ್ಣಗೆ ಮಾಡಿಬಿಡುತ್ತದೆ. ಅಲ್ಲಿ ಇಳಿಯದಿರುವುದೇ ಸರಿ.

ಈ ಗಾಡಿಯ ದೊಡ್ಡ ಗುಣವೇ ಹಗುರತನ. 1985ರಲ್ಲಿ 970 ಸಿಸಿಯ ಪುಟ್ಟ ಎಂಜಿನ್ ಇಟ್ಟುಕೊಂಡು ಬಂದ ಮೊದಲ ಜಿಪ್ಸಿ ಜನರ ಮನಸ್ಸು ಗೆದ್ದದ್ದು ಬಲದಿಂದಲ್ಲ, ಭಾರದ ಜೀಪು ಹೂತುಹೋಗುವ ಕಡೆ ಮೇಲೆ ಮೇಲೆ ನಡೆದುಹೋಗಿದ್ದರಿಂದ. 31ರ ಮಡ್ ಟೈರ್ ಒಂದೊಂದೂ 20 ಕಿಲೋ ದಾಟುತ್ತದೆ. ಆ ಭಾರ ಕಮಾನಿನ ಕೆಳಗಿರುತ್ತದೆ, ತಿರುಗುತ್ತಲೂ ಇರುತ್ತದೆ. ಎಂಜಿನ್‌ಗೆ ಅದು ಸಾಮಾನು ಹೇರಿದ್ದಕ್ಕಿಂತ ದೊಡ್ಡ ಹೊರೆ.

ಈ ಕಾರಣಕ್ಕೇ ಪ್ಲೈ ರೇಟಿಂಗ್ (ಟೈರ್ ಎಷ್ಟು ಗಟ್ಟಿ ಅನ್ನುವ ಅಂಕ) ಕೂಡ ಕೇಳಿ ತೆಗೆದುಕೊಳ್ಳಿ. ಪಿಕಪ್‌ಗಳಿಗೆ ಮಾಡಿದ ಗಟ್ಟಿ ಪಕ್ಕೆಯ ಟೈರ್ ಜಿಪ್ಸಿಯ ಭಾರಕ್ಕೆ ಬಗ್ಗುವುದೇ ಇಲ್ಲ, ಕಲ್ಲಿನ ಮೇಲೆ ಮರದ ಗಾಲಿಯ ಹಾಗೆ ಪುಟಿಯುತ್ತದೆ. ಮೆತ್ತನೆಯ ಪಕ್ಕೆಯ ಆಲ್ ಟೆರೇನ್ ತೆಗೆದುಕೊಂಡು, ತೋಟದ ದಾರಿಗೆ ಇಳಿದ ಕೂಡಲೇ ಗಾಳಿಯನ್ನು 16ರಿಂದ 18 ಪಿಎಸ್‌ಐಗೆ ಇಳಿಸಿ ನಿಧಾನಕ್ಕೆ ಓಡಿಸಿ ನೋಡಿ. ಒಂದು ಸಣ್ಣ 12 ವೋಲ್ಟ್ ಕಂಪ್ರೆಸರ್ ಗಾಡಿಯಲ್ಲೇ ಇರಲಿ, ಡಾಂಬರಿಗೆ ಬಂದ ಮೇಲೆ ತುಂಬಿಸಿಕೊಳ್ಳದೆ ವೇಗ ಏರಿಸಬಾರದು. ಗಾಳಿ ಇಳಿಸಿದ 235 ಕೊಡುವ ಹಿಡಿತವನ್ನು ಗಾಳಿ ತುಂಬಿದ 31 ಕೊಡುವುದಿಲ್ಲ. ಇದರಲ್ಲಿ ನನಗೆ ಯಾವ ಅನುಮಾನವೂ ಇಲ್ಲ.

235/75 ಕೂಡ ನಿಮ್ಮ ಗಾಡಿಯಲ್ಲಿ ತಾಗಬಹುದು. ಎರಡು ಇಂಚಿನ ಲಿಫ್ಟ್ ಇರುವುದರಿಂದ ಫೆಂಡರ್‌ಗೆ ಕಡಿಮೆ, ಒಳಗಿನ ಕಮಾನಿಗೆ, ಮುಂದಿನ ಬಂಪರ್‌ನ ಮೂಲೆಗೆ ಸಾಧ್ಯತೆ ಹೆಚ್ಚು. ಪರಿಚಯದವರ ಬಳಿ ಆ ಅಳತೆಯ ಎರಡು ಚಕ್ರ ಒಂದು ಗಂಟೆಗೆ ಕೇಳಿ, ಮುಂದಕ್ಕೆ ಹಾಕಿ. ಬಲ ಮುಂದಿನ ಚಕ್ರವನ್ನೂ ಎಡ ಹಿಂದಿನ ಚಕ್ರವನ್ನೂ ದಿಬ್ಬದ ಮೇಲೆ ಹತ್ತಿಸಿ, ಸ್ಟೀರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ, ಇನ್ನೊಬ್ಬರು ಟಾರ್ಚ್ ಹಿಡಿದು ನೋಡಲಿ. ಆಮೇಲೆ ಕರ್ಣ ಬದಲಾಯಿಸಿ ಇನ್ನೊಮ್ಮೆ. ಮಟ್ಟ ನೆಲದಲ್ಲಿ ತಿರುಗಿಸಿ ನೋಡಿ "ಎಲ್ಲೂ ತಾಗಲ್ಲ" ಅನ್ನುವ ಮಾತನ್ನು ನಂಬಬೇಡಿ. ಕಮಾನಿಗೆ ಸ್ವಲ್ಪವೇ ತಾಗಿದರೆ ಸ್ಟೀರಿಂಗ್ ಸ್ಟಾಪ್ ಬೋಲ್ಟ್ ಸರಿಮಾಡಿಸಬಹುದು, ತಿರುವು ಒಂದಿಷ್ಟು ದೊಡ್ಡದಾಗುತ್ತದೆ ಅಷ್ಟೆ.

ಇಷ್ಟೆಲ್ಲ ಓದಿಯೂ 31ರ ಮೇಲೇ ಮನಸ್ಸಿದ್ದರೆ ಟ್ರಾನ್ಸ್‌ಫರ್ ಕೇಸ್‌ಗೆ 4.16ರ ಲೋ ಗೇರ್ ಸೆಟ್ ಹುಡುಕಿ. ಸುಜುಕಿ ಸಮುರಾಯ್‌ಗೆ ವಿದೇಶದಲ್ಲಿ ಮಾಡುವ ಸೆಟ್‌ಗಳಿವೆ, ಜಿಪ್ಸಿ ಅದೇ ಕುಟುಂಬದ್ದು. ಅದನ್ನು ಹಾಕಿದ ಮೇಲೆ 31ರಲ್ಲೂ ಲೋ ಅನುಪಾತ 3.5ರ ಮೇಲೆ ಉಳಿಯುತ್ತದೆ, ಗಾಡಿ ಕಲ್ಲಿನ ಮೇಲೆ ತೆವಳುತ್ತದೆ. ಆದರೆ ಆ ಬಲವೆಲ್ಲ ಮುಂದಿನ ಆಕ್ಸಲ್‌ನ ಗೆಣ್ಣುಗಳ ಮೂಲಕ ಹೋಗಬೇಕು. ಸ್ಟೀರಿಂಗ್ ಪೂರ್ತಿ ತಿರುಗಿಸಿ ಆಕ್ಸಿಲರೇಟರ್ ಒತ್ತಿದರೆ ಮೊದಲು ಒಡೆಯುವುದು ಅಲ್ಲಿಯ ಸಿವಿ ಜಾಯಿಂಟ್. ಹಾಗಾಗಿ ಇದು ಒಂದು ಬದಲಾವಣೆಯಲ್ಲ, ಒಂದರ ಹಿಂದೆ ಒಂದು ಬರುವ ಖರ್ಚುಗಳ ಸಾಲು. ಅದೇ ದುಡ್ಡಿನಲ್ಲಿ 235ರ ಜೊತೆ ಹಿಂದಿನ ಆಕ್ಸಲ್‌ಗೆ ಒಂದು ಲಾಕರ್ (ಎರಡೂ ಚಕ್ರ ಒಟ್ಟಿಗೇ ತಿರುಗುವಂತೆ ಮಾಡುವ ಸಾಧನ) ಹಾಕಿಸಿದರೆ, ಚಕ್ರ ಗಾಳಿಯಲ್ಲಿ ತಿರುಗುತ್ತಾ ಗಾಡಿ ನಿಂತುಬಿಡುವ ಕಡೆಗಳಲ್ಲಿ ಹೆಚ್ಚು ಉಪಯೋಗ.

ಕಾನೂನನ್ನೂ ಮರೆಯಬೇಡಿ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52ರ ಪ್ರಕಾರ ಕಂಪನಿಯ ಮೂಲ ವಿವರಗಳಿಂದ ಬೇರೆಯಾಗುವಂತೆ ಗಾಡಿ ಬದಲಾಯಿಸುವಂತಿಲ್ಲ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಗಟ್ಟಿಯಾಗಿ ಹೇಳಿದೆ. ಫೆಂಡರ್ ದಾಟಿ ಹೊರಗೆ ಚಾಚಿದ ಟೈರ್ ದೂರದಿಂದಲೇ ಕಣ್ಣಿಗೆ ಬೀಳುತ್ತದೆ. ಅಪಘಾತವಾದಾಗ ವಿಮೆಯವರಿಗೂ ಅದೇ ನೆಪ. ನಿಮ್ಮ ಲಿಫ್ಟ್‌ಗೂ ಈ ಮಾತು ಅನ್ವಯಿಸುತ್ತದೆ, ಗೊತ್ತಿದ್ದೇ ತೀರ್ಮಾನ ಮಾಡಿ.

235 ಹಾಕಿದ ಮೇಲೆ ಮೀಟರ್ 60 ತೋರಿಸಿದಾಗ ನೀವು 66ರಲ್ಲಿರುತ್ತೀರಿ. ಓಡಿದ ದೂರವನ್ನೂ ಅದು ಕಡಿಮೆ ತೋರಿಸುತ್ತದೆ, ಮೈಲೇಜ್ ಲೆಕ್ಕ ಹಾಕುವಾಗ 1.1ರಿಂದ ಗುಣಿಸಿಕೊಳ್ಳಿ. ಹೊಸ ಟೈರ್ ಹಾಕಿಸಿ ನೂರು ಕಿಲೋಮೀಟರ್ ಒಳಗೆ ವೀಲ್ ನಟ್‌ಗಳನ್ನು ಇನ್ನೊಮ್ಮೆ ಬಿಗಿ ಮಾಡಿಸಿ. ನಾಲ್ಕಲ್ಲ, ಐದೂ ಒಂದೇ ಅಳತೆಯವನ್ನು ಕೊಳ್ಳಿ. ಜಿಪ್ಸಿಯಲ್ಲಿ ಮುಂದಿನ, ಹಿಂದಿನ ಆಕ್ಸಲ್‌ಗಳ ನಡುವೆ ವೇಗದ ವ್ಯತ್ಯಾಸ ತೂಗಿಸುವ ಡಿಫರೆನ್ಶಿಯಲ್ ಇಲ್ಲ, ಫೋರ್ ವೀಲ್‌ನಲ್ಲಿ ಒಂದು ಚಕ್ರ ಚಿಕ್ಕದಾದರೂ ಟ್ರಾನ್ಸ್‌ಫರ್ ಕೇಸ್ ಬಿಗಿದುಕೊಳ್ಳುತ್ತದೆ. ಸ್ಟೆಪ್ನಿಯ ಹೊಸ ಭಾರಕ್ಕೆ ಹಿಂದಿನ ಬಾಗಿಲಿನ ಹಿಂಜ್ ಕೆಲವೇ ದಿನಗಳಲ್ಲಿ ಜೋತುಬೀಳುತ್ತದೆ, ಅದಕ್ಕೊಂದು ಆಧಾರ ವೆಲ್ಡ್ ಮಾಡಿಸಿ. ಮುಂದಿನ ಶ್ಯಾಕಲ್‌ನ ಒಂದು ಫೋಟೋ, ಬದಿಯಿಂದ ತೆಗೆದದ್ದು, ಇಲ್ಲಿ ಹಾಕಿದರೆ ಲಿಫ್ಟ್ ಹೇಗೆ ಮಾಡಿದ್ದಾರೆ, ಎಷ್ಟು ಓರೆಯ ಪ್ಯಾಕಿಂಗ್ ಬೇಕಾಗಬಹುದು ಅಂತ ನೋಡಿ ಹೇಳುತ್ತೇನೆ.