ಪತಿಯ ಸಿಬಿಲ್ ಅಂಕ ಕಡಿಮೆಯಿದ್ದರೆ ಗೃಹಸಾಲ ಸಿಗುತ್ತದೆಯೇ?

ಸಾಲ ತೀರಿಸಿದ ಚರಿತ್ರೆ ನೋಡಿ ಕೊಡುವ ಸಿಬಿಲ್ ಅಂಕ ನಿಮ್ಮದು 780, ಪತಿಯದು 610. ಇಬ್ಬರ ಹೆಸರಿನಲ್ಲೂ ಮೈಸೂರಿನಲ್ಲಿ ಫ್ಲ್ಯಾಟ್ ಕೊಳ್ಳಬಹುದೇ ಎಂದು ಕೇಳಿದ್ದೀರಿ. ಮೊದಲು ಸಮಾಧಾನದ ಮಾತು: ಮದುವೆಯಾದ ಮಾತ್ರಕ್ಕೆ ಇಬ್ಬರ ಸಾಲದ ಚರಿತ್ರೆ ಒಂದಾಗುವುದಿಲ್ಲ. ಅವರ ಹಳೆಯ ಬಾಕಿ ನಿಮ್ಮ ಅಂಕವನ್ನು ಮುಟ್ಟುವುದಿಲ್ಲ.

ತೊಡಕಿರುವುದು ಜಂಟಿ ಅರ್ಜಿಯಲ್ಲಿ. ಬ್ಯಾಂಕು ಇಬ್ಬರ ಸಾಲದ ವರದಿಯನ್ನೂ ನೋಡುತ್ತದೆ. ಅವರ ಅಂಕದಿಂದಾಗಿ ಬಡ್ಡಿದರ ಏರಬಹುದು, ಅರ್ಜಿಯೇ ತಿರಸ್ಕೃತವಾಗಬಹುದು. ನೀವೊಬ್ಬರೇ ಸಾಲ ಪಡೆದರೆ ನಿಮ್ಮ ಸಂಬಳವನ್ನಷ್ಟೇ ಲೆಕ್ಕ ಹಿಡಿಯುತ್ತಾರೆ, ಸಾಲದ ಮೊತ್ತ ತಗ್ಗುತ್ತದೆ. ಜೊತೆಗೆ, ಕ್ರಯಪತ್ರದಲ್ಲಿ ಹೆಸರಿರುವವರೆಲ್ಲ ಸಹ ಅರ್ಜಿದಾರರಾಗಬೇಕೆಂದು ಬ್ಯಾಂಕುಗಳು ಸಾಮಾನ್ಯವಾಗಿ ಪಟ್ಟು ಹಿಡಿಯುತ್ತವೆ. ಹಾಗಾಗಿ ಸಾಲ ನಿಮ್ಮದು, ಮನೆ ಇಬ್ಬರದು ಎಂಬ ಏರ್ಪಾಡು ಸುಲಭವಲ್ಲ.

ಮುಂಗಡ ಕೊಡುವ ಮುನ್ನವೇ ಪತಿಯ ವರದಿ ತರಿಸಿ, ದಯವಿಟ್ಟು. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್ ಎಂಬ ನಾಲ್ಕೂ ಸಾಲ ಮಾಹಿತಿ ಸಂಸ್ಥೆಗಳು ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕು. ಅದರಲ್ಲಿ 'ಸೆಟಲ್ಡ್' ಎಂಬ ಪದವಿದೆಯೇ ಹುಡುಕಿ. ಬ್ಯಾಂಕು ಒಂದಿಷ್ಟು ಬಿಟ್ಟುಕೊಟ್ಟು ಖಾತೆ ಮುಗಿಸಿದಾಗ ಹಾಗೆ ಬರೆಯುತ್ತಾರೆ. ಸಾಲ ತೀರಿತೆಂದು ನಾವು ನಿಶ್ಚಿಂತರಾಗಿರುತ್ತೇವೆ, ಸಾಲ ಕೊಡುವವರ ಕಣ್ಣಿಗೆ ಅದು ಕಪ್ಪುಚುಕ್ಕೆ. ಉಳಿದ ಹಣ ಕಟ್ಟಿ, ಬಾಕಿ ಇಲ್ಲವೆಂಬ ಪತ್ರ ಪಡೆದು, 'ಕ್ಲೋಸ್ಡ್' ಎಂದು ತಿದ್ದಿಸಿ. ವರದಿಯೇ ತಪ್ಪಾಗಿದ್ದರೆ ದೂರು ಕೊಡಿ. 30 ದಿನಗಳಲ್ಲಿ ಇತ್ಯರ್ಥವಾಗದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂದು ರಿಸರ್ವ್ ಬ್ಯಾಂಕಿನ ನಿಯಮವಿದೆ.

ಆರೇಳು ತಿಂಗಳು ಕಾಯಲು ಸಾಧ್ಯವಿದ್ದರೆ ಕಾಯಿರಿ. ಅಷ್ಟರೊಳಗೆ ಹತ್ತಾರು ಬ್ಯಾಂಕುಗಳಿಗೆ ಅರ್ಜಿ ಹಾಕಬೇಡಿ, ಪ್ರತಿ ಅರ್ಜಿಗೂ ಬ್ಯಾಂಕು ನಿಮ್ಮ ವರದಿ ತರಿಸಿ ನೋಡಿದ್ದು ಅದರಲ್ಲಿ ದಾಖಲಾಗುತ್ತದೆ.