ಬಲಗೈ ಮೇಲಿನ ತ್ರಿಶೂಲ

ಪ್ರಶ್ನೆ: ನನಗೆ 22 ವರ್ಷ, ರಾಣೆಬೆನ್ನೂರು ಕಡೆಯವನು. ಮನೆದೇವರು ಮೈಲಾರಲಿಂಗ. ಕೇಂದ್ರದ ಪೊಲೀಸ್ ಪಡೆಗಳಿಗೆ ಸೇರುವ ಎಸ್‌ಎಸ್‌ಸಿ ಜಿಡಿ ಕಾನ್‌ಸ್ಟೆಬಲ್ ಪರೀಕ್ಷೆ ಪಾಸಾದರೆ ಬಲಗೈ ಮೇಲೆ ತ್ರಿಶೂಲ, ಡಮರು ಹಚ್ಚೆ ಹಾಕಿಸಿಕೊಳ್ಳುತ್ತೇನೆ ಅಂತ ಜಾತ್ರೆಯಲ್ಲಿ ಹರಕೆ ಹೊತ್ತಿದ್ದೆ. ಕನ್ನಡದಲ್ಲೇ ಬರೆದು ಪಾಸಾದೆ, ಓಟವೂ ಮುಗಿಯಿತು. ಮೆಡಿಕಲ್ ಬಾಕಿ. ಅಪ್ಪ, 'ದೇವರನ್ನ ಮೈಮ್ಯಾಲೆ ಬರಿಸ್ಕೊಂಡು ಸಂಡಾಸಕ್ಕ ಹೋಗ್ತೀಯೇನು' ಅಂತ ರೇಗುತ್ತಾರೆ. ಅಮ್ಮ, ಹರಕೆ ಬಾಕಿ ಉಳಿಸಿಕೊಳ್ಳಬಾರದು ಅನ್ನುತ್ತಾಳೆ. ಭಾನುವಾರ ಹಚ್ಚೆ ಹಾಕಿಸಲು ದಾವಣಗೆರೆಗೆ ಹೋಗೋಣ ಅಂತ ಗೆಳೆಯರು ಹೊರಟಿದ್ದಾರೆ. ಹರಕೆ ತಪ್ಪಿಸಿದರೆ ಮೆಡಿಕಲ್‌ನಲ್ಲಿ ಫೇಲಾಗುತ್ತೇನೇನೋ ಎಂಬ ಹೆದರಿಕೆಗೆ ನಿದ್ದೆ ಬರುತ್ತಿಲ್ಲ. ಏನು ಮಾಡಲಿ?

ಉತ್ತರ: ತಮ್ಮಾ, ಈ ಭಾನುವಾರ ದಾವಣಗೆರೆಗೆ ಹೋಗಬೇಡ. ಮಿಕ್ಕ ಮಾತು ಆಮೇಲೆ.

ಹರಕೆ ತಪ್ಪಿದರೆ ಮೆಡಿಕಲ್‌ನಲ್ಲಿ ಫೇಲಾಗುತ್ತೇನೆ ಅಂತ ಬರೆದಿದ್ದೀಯ. ಬಲಗೈ ಮೇಲೆ ಹರಕೆ ತೀರಿಸಿದರೇ ಫೇಲಾಗುವ ಸಂಭವ ಹೆಚ್ಚು. ಕೇಂದ್ರದ ಸಶಸ್ತ್ರ ಪೊಲೀಸ್ ಪಡೆಗಳ ನೇಮಕಾತಿಯಲ್ಲಿ ಹಚ್ಚೆಗೆ ನಿಯಮ ಇದೆ, ನಿನ್ನ ಅಧಿಸೂಚನೆಯಲ್ಲೇ ಹುಡುಕಿ ನೋಡು. ದೇವರ ಗುರುತು, ದೇವರ ಹೆಸರು ಇರಬಹುದು. ಅದಕ್ಕೆ ಅಡ್ಡಿಯಿಲ್ಲ. ಆದರೆ ಮುಂಗೈಯ ಒಳಭಾಗದಲ್ಲಾದರೆ ಎಡಗೈ ಮಾತ್ರ. ಬಲಗೈ ಸಲ್ಯೂಟ್ ಹೊಡೆಯುವ ಕೈ. ಅಳತೆಯೂ ಆ ಭಾಗದ ಕಾಲು ಪಾಲಿಗಿಂತ ಕಡಿಮೆ ಇರಬೇಕು. ಬಲಗೈ ಹಚ್ಚೆಯ ಕಾರಣಕ್ಕೆ ಅನರ್ಹರಾದ ಹುಡುಗರು ದೆಹಲಿ ಹೈಕೋರ್ಟಿನ ತನಕ ಹೋಗಿ, ಲೇಸರ್‌ನಲ್ಲಿ ತೆಗೆಸಿಕೊಳ್ಳುತ್ತೇವೆ, ಇನ್ನೊಂದು ಅವಕಾಶ ಕೊಡಿ ಎಂದು ಬೇಡಿಕೊಂಡಿದ್ದಾರೆ. ಒಂದು ಗಳಿಗೆ ಯೋಚನೆ ಮಾಡು. ಮೈಲಾರಲಿಂಗನ ತ್ರಿಶೂಲವನ್ನು ಭಕ್ತಿಯಿಂದ ಬರೆಸಿಕೊಂಡು, ಆರು ತಿಂಗಳಿಗೆ ನೀನೇ ದುಡ್ಡು ಕೊಟ್ಟು ಅದನ್ನು ಸುಡಿಸುವುದು. ಅದು ನಿನ್ನ ಕೈಯಲ್ಲಿ ಆಗುತ್ತಾ? ಲೇಸರ್ ಒಂದೇ ಸಲಕ್ಕೆ ಮುಗಿಯುವುದೂ ಇಲ್ಲ. ವಾರಗಟ್ಟಲೆ ಬಿಟ್ಟು ಬಿಟ್ಟು ಹೋಗಬೇಕು, ಆಮೇಲೂ ಕಲೆ ಉಳಿಯಬಹುದು.

ಈಗ ಹರಕೆಯ ವಿಚಾರ. ನೀನು ಹೊತ್ತದ್ದು ಸುಳ್ಳು ಹರಕೆ ಅಲ್ಲ, ಅದನ್ನು ಹಗುರ ಮಾಡಿ ಮಾತಾಡಲು ನನಗೆ ಮನಸ್ಸಿಲ್ಲ. ಐದು ಕಿಲೋಮೀಟರನ್ನು 24 ನಿಮಿಷದೊಳಗೆ ಓಡಬೇಕು ಅಂತ ದಿನಾ ಕತ್ತಲಲ್ಲೆದ್ದು ಹೋದವನಿಗೆ ಹಿಡಿದುಕೊಳ್ಳಲು ಏನೋ ಒಂದು ಬೇಕಿತ್ತು. ಅದು ನಿನ್ನ ದೇವರಾಗಿತ್ತು. ಆದರೆ ಹರಕೆ ಹೊತ್ತ ನಮ್ಮ ಹಿರಿಯರಿಗೆ ಗಡುವು ಮೀರಿದರೆ ಏನು ಮಾಡಬೇಕು ಅನ್ನುವುದೂ ಗೊತ್ತಿತ್ತು. ಹಳದಿ ಬಟ್ಟೆಯಲ್ಲಿ ಕಾಣಿಕೆ ಗಂಟು ಹಾಕಿ ಮುಡಿಪು ಕಟ್ಟಿ ಜಗಲಿ ಮೇಲೆ ಇಡುತ್ತಿದ್ದರು. ತಡವಾದರೆ ತಪ್ಪುಕಾಣಿಕೆ ಹಾಕುತ್ತಿದ್ದರು. ನೀನೂ ಅದನ್ನೇ ಮಾಡು. ಅಮ್ಮನ ಕೈಯಿಂದಲೇ ಮುಡಿಪು ಕಟ್ಟಿಸು. 'ನೌಕರಿ ಆದೇಶ ಕೈಗೆ ಬಂದ ಮೇಲೆ ಬರುತ್ತೇನೆ, ಎಡಗೈ ಕೊಡುತ್ತೇನೆ' ಅಂತ ಹೇಳಿ ಭಂಡಾರದ ಅರಿಶಿನ ಹಚ್ಚಿಕೋ. ಅವತ್ತು ರಾತ್ರಿ ನಿದ್ದೆ ಬರುತ್ತದೆ.

ಅಪ್ಪನ ಮಾತಿಗೆ ಬರುತ್ತೇನೆ. ದೇವರ ಗುರುತು ಮೈಮೇಲಿರುವುದೇ ತಪ್ಪು ಅಂದರೆ ನಾನು ಒಪ್ಪುವುದಿಲ್ಲ. ಇಷ್ಟಲಿಂಗ ಕಟ್ಟಿಕೊಂಡವರು ಅದರ ಜೊತೆಗೇ ಬದುಕುತ್ತಾರೆ. ಮಾಧ್ವರು ಆಷಾಢದ ಶಯನಿ ಏಕಾದಶಿಯ ದಿನ ಕಾಸಿದ ಶಂಖ ಚಕ್ರಗಳ ಮುದ್ರೆ ಒತ್ತಿಸಿಕೊಳ್ಳಲು ಮಠದಲ್ಲಿ ಸಾಲು ನಿಲ್ಲುತ್ತಾರೆ. ನನ್ನ ಅಜ್ಜಿಯ ಮುಂಗೈ ಮೇಲೆ ತುಳಸಿಕಟ್ಟೆ ಇತ್ತು. ಕೊರವಂಜಿ ಹಾಡು ಹೇಳುತ್ತಾ ಚುಚ್ಚಿದ್ದಂತೆ, ನೋವು ಮರೆಯಲಿ ಅಂತ. ಸತ್ತರೆ ಬಂಗಾರ ಬಿಚ್ಚಿಕೊಳ್ಳುತ್ತಾರೆ, ಹಚ್ಚೆ ಒಂದೇ ಜೊತೆಗೆ ಬರುವುದು ಅನ್ನುತ್ತಿದ್ದಳು. ಕೊನೆಕೊನೆಗೆ ಚರ್ಮ ಸಡಿಲವಾಗಿ, ಗೆರೆ ಹರಡಿ, ಕಟ್ಟೆ ಯಾವುದು ತುಳಸಿ ಯಾವುದು ಒಂದೂ ತಿಳಿಯುತ್ತಿರಲಿಲ್ಲ. ಬರೀ ಹಸಿರು ಮಚ್ಚೆ. ಅವಳು ಬೆರಳಿಟ್ಟು 'ಇದು ಕಟ್ಟೆ, ಇದು ಗಿಡ' ಅಂತ ತೋರಿಸಿದರೆ ಮಾತ್ರ ಕಾಣುತ್ತಿತ್ತು. ನೀನು ಹಾಕಿಸುವ ದಿನ ಇದನ್ನು ನೆನೆಸಿಕೋ. ಡಮರಿನ ಹಗ್ಗ, ಹಾವಿನ ಹುರುಪೆ ಅಂತೆಲ್ಲ ಸಣ್ಣ ಗೆರೆ ತುಂಬಿಸಬೇಡ. ಮೂರು ಅಲಗಿನ ಬರಿಯ ತ್ರಿಶೂಲ ಸಾಕು.

ಆದರೆ ನಿನ್ನ ಅಪ್ಪ ರೇಗುತ್ತಿರುವುದು ಶೌಚದ ಕಾರಣಕ್ಕೆ ಅಂತ ನನಗೆ ಅನ್ನಿಸುವುದಿಲ್ಲ. ಮಗ ಪಾಸಾಗಿದ್ದಾನೆ, ಇನ್ನೊಂದೇ ಮೆಟ್ಟಿಲು ಉಳಿದಿದೆ, ಕೈಗೆ ಬಂದ ತುತ್ತು ಬಾಯಿಗೆ ಬರದೇ ಹೋದರೆ ಅನ್ನುವ ಭಯ ಅದು. ಭಯ ಅಂತ ಹೇಳಿಕೊಳ್ಳಲು ಬಾರದ ಗಂಡಸರು ಸಂಡಾಸದ ಮಾತು ತೆಗೆಯುತ್ತಾರೆ. ಅಧಿಸೂಚನೆಯ ಆ ಪುಟವನ್ನು ಅವರ ಮುಂದೆ ಓದಿ ಹೇಳು. 'ಮೆಡಿಕಲ್ ಮುಗಿಯುವವರೆಗೆ ಹಾಕಿಸುವುದಿಲ್ಲ' ಅನ್ನು. ಆಮೇಲೆ ಅವರು ಏನು ಹೇಳುತ್ತಾರೆ ಕೇಳು. ಅದೇ ನಿಜವಾದ ಅಭಿಪ್ರಾಯ.

ಹಾಕಿಸುವಾಗ ಜಾತ್ರೆಯ ಟೆಂಟಿನಲ್ಲಿ ಮಾತ್ರ ಬೇಡ. ಒಂದೇ ಸೂಜಿ ಹತ್ತು ಕೈ ದಾಟಿದರೆ ಹೆಪಟೈಟಿಸ್ ಬಿ, ಸಿ, ಎಚ್‌ಐವಿ ಎಲ್ಲ ದಾಟಬಹುದು. ಹೊಸ ಸೂಜಿಯ ಪ್ಯಾಕೆಟ್ ನಿನ್ನ ಕಣ್ಣೆದುರು ಒಡೆಯಲಿ, ಶಾಯಿಯನ್ನು ಹೊಸ ಬಟ್ಟಲಿಗೆ ಸುರಿಯಲಿ. ಹಾಕಿಸಿದ ಮೇಲೆ ಒಂದು ವರ್ಷ ರಕ್ತದಾನ ಮಾಡುವಂತಿಲ್ಲ.

ಗೆಳೆಯರಿಗೆ ಇಷ್ಟೆಲ್ಲ ವಿವರಿಸುತ್ತಾ ಕೂರಬೇಡ. ಮೆಡಿಕಲ್ ಇದೆ ಅಂದರೆ ಸಾಕು. ಭಾನುವಾರ ಅವರು ದಾವಣಗೆರೆ ಬಸ್ಸು ಹತ್ತಿದರೆ ನೀನು ಅಪ್ಪನನ್ನು ಕರೆದುಕೊಂಡು ಮೈಲಾರದ ಬಸ್ಸು ಹತ್ತು. ಮೆಡಿಕಲ್ ಆದ ದಿನ ನನಗೆ ಒಂದು ಸಾಲು ಬರೆ, ಕಾಯುತ್ತಿರುತ್ತೇನೆ.