ಆರು ವಾರದ ಮಗುವಿಗೆ ನ್ಯುಮೋಕಾಕಲ್ ಲಸಿಕೆ: ದುಡ್ಡು ಹೊಂದಿಸುವವರೆಗೆ ಕಾಯಬಹುದೇ?

ಕಾಯಬೇಡಿ. ಪ್ರೈವೇಟ್ ಆಸ್ಪತ್ರೆಯಲ್ಲಿ ಒಂದು ಡೋಸ್‌ಗೆ ನಾಲ್ಕು ಸಾವಿರದ ಹತ್ತಿರ ಹೇಳಿದ್ದಾರೆ, ಎರಡು ತಿಂಗಳು ಬಿಟ್ಟು ಹಾಕಿಸಿದರೆ ಆಗಲ್ವಾ ಅಂತ ಕೇಳಿದ್ದೀರಿ. ಈ ಲಸಿಕೆ ತಡೆಯುವುದು ನ್ಯುಮೋಕಾಕಸ್ ಅನ್ನುವ ಬ್ಯಾಕ್ಟೀರಿಯಾವನ್ನು; ನ್ಯುಮೋನಿಯಾ, ಮೆನಿಂಜೈಟಿಸ್ ಎರಡನ್ನೂ ಅದು ತರುತ್ತದೆ. ಬ್ಯಾಕ್ಟೀರಿಯಾಗೆ ಆಂಟಿಬಯೋಟಿಕ್ ಇದ್ದೇ ಇದೆಯಲ್ಲ ಅಂತಲೂ ಬರೆದಿದ್ದೀರಿ. ನಾನು ಬೆಂಗಳೂರಿನಲ್ಲಿ ಮಕ್ಕಳ ವಾರ್ಡಿನ ನರ್ಸ್. ಮುಂದಿನ ವಾರ ಮಗುವಿಗೆ ಆರು ವಾರ ತುಂಬುತ್ತಿದ್ದ ಹಾಗೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ. ಅಲ್ಲಿ ಇದೇ ಲಸಿಕೆ ಉಚಿತ.

ಆಂಟಿಬಯೋಟಿಕ್ ಕೆಲಸ ಮಾಡುತ್ತದೆ, ನಿಜ. ಆದರೆ ಅದನ್ನು ಕೊಡುವ ಹೊತ್ತಿಗೆ ರೋಗ ಎಲ್ಲಿಗೆ ಮುಟ್ಟಿರುತ್ತದೆ ಅನ್ನುವುದೇ ಪ್ರಶ್ನೆ. ಮೆನಿಂಜೈಟಿಸ್, ಅಂದರೆ ಮೆದುಳಿನ ಪೊರೆಯ ಸೋಂಕು, ಬಂದ ಎಳೆ ಮಗುವನ್ನು ನೋಡಿದರೆ ಗೊತ್ತಾಗುತ್ತದೆ. ಎತ್ತಿಕೊಂಡರೆ ಸಮಾಧಾನ ಆಗಬೇಕಾದ ಮಗು ಎತ್ತಿಕೊಂಡಷ್ಟೂ ಜಾಸ್ತಿ ಚೀರುತ್ತದೆ. ನೆತ್ತಿ ಉಬ್ಬಿರುತ್ತದೆ. ಹಾಲು ಬಿಟ್ಟಿರುತ್ತದೆ. ಬೆನ್ನಿನಿಂದ ನೀರು ತೆಗೆಯುವಾಗ ಮಗುವನ್ನು ಬಗ್ಗಿಸಿ, ಅಲುಗದ ಹಾಗೆ ಹಿಡಿದುಕೊಳ್ಳುವುದು ನಮ್ಮ ಕೆಲಸ. ತಿಳಿಯಾಗಿ ಬರಬೇಕಾದ ಆ ನೀರು ಅಕ್ಕಿ ತೊಳೆದ ನೀರಿನ ಹಾಗೆ ತೊಟ್ಟಿಕ್ಕಿದರೆ, ಲ್ಯಾಬ್ ರಿಪೋರ್ಟ್ ಬರುವ ಮೊದಲೇ ನಮಗೆ ಎದೆ ಧಸಕ್ಕೆನ್ನುತ್ತದೆ. ಔಷಧಿ ಕೂಡಲೇ ಶುರುವಾಗುತ್ತದೆ. ಎಷ್ಟೋ ಮಕ್ಕಳು ಉಳಿಯುತ್ತವೆ. ಆದರೂ ಡಿಸ್ಚಾರ್ಜ್ ಮಾಡುವಾಗ ಕಿವಿ ಪರೀಕ್ಷೆ ಮಾಡಿಸಲೇಬೇಕು ಅಂತ ಹೇಳಿ ಕಳಿಸುತ್ತೇವೆ. ಸೋಂಕು ಪೂರ್ತಿ ಹೋಗಿದ್ದರೂ ಕಿವಿ ಕೇಳಿಸದೆ ಹೋಗಿರಬಹುದು. ಅದನ್ನು ಯಾವ ಆಂಟಿಬಯೋಟಿಕ್ಕೂ ಸರಿಮಾಡುವುದಿಲ್ಲ.

ಎಳೆ ಮಕ್ಕಳ ಮೆನಿಂಜೈಟಿಸ್‌ಗೆ ಮುಖ್ಯವಾಗಿ ಎರಡು ಬ್ಯಾಕ್ಟೀರಿಯಾ ಕಾರಣ. ಒಂದು ಹಿಬ್ (ಹಿಮೋಫಿಲಸ್ ಇನ್‌ಫ್ಲುಯೆಂಜಾ ಬಿ), ಇನ್ನೊಂದು ನೀವು ಕೇಳಿದ ನ್ಯುಮೋಕಾಕಸ್. ಹಿಬ್ ಲಸಿಕೆ ಬರುವ ಮುಂಚೆ ಅಮೆರಿಕದಂಥ ದೇಶದಲ್ಲೂ ವರ್ಷಕ್ಕೆ ಸುಮಾರು 20,000 ಪುಟ್ಟ ಮಕ್ಕಳಿಗೆ ಅದರ ತೀವ್ರ ಸೋಂಕು ತಗಲುತ್ತಿತ್ತು. ಆಗಲೂ ಅಲ್ಲಿ ಒಳ್ಳೆಯ ಆಂಟಿಬಯೋಟಿಕ್‌ಗಳಿದ್ದವು ಅಲ್ವಾ? ಲಸಿಕೆ ಬಂದ ಮೇಲೆ ಅದು ಶೇ 99ರಷ್ಟು ಇಳಿಯಿತು. ನಮ್ಮಲ್ಲಿ ಹಿಬ್ ಲಸಿಕೆ ಪೆಂಟಾವೇಲೆಂಟ್ ಅನ್ನುವ ಐದು ರೋಗಗಳ ಲಸಿಕೆಯ ಒಳಗೇ ಸೇರಿದೆ. ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯು, ಹೆಪಟೈಟಿಸ್ ಬಿ ಜೊತೆಗೆ ಐದನೆಯದು ಅದೇ.

ಆರು ವಾರಕ್ಕೇ ಯಾಕೆ? ಈ ಎರಡೂ ಬ್ಯಾಕ್ಟೀರಿಯಾಗಳ ಮೈಮೇಲೆ ಸಕ್ಕರೆ ಅಂಶದ ಒಂದು ಪದರ ಇರುತ್ತದೆ. ಎರಡು ವರ್ಷದೊಳಗಿನ ಮಗುವಿನ ದೇಹ ಆ ಪದರವನ್ನು ಸರಿಯಾಗಿ ಗುರುತಿಸುವುದಿಲ್ಲ. ತಾಯಿಯಿಂದ ಬಂದ ರಕ್ಷಣೆಯೂ ತಿಂಗಳು ಕಳೆದ ಹಾಗೆ ಕರಗುತ್ತದೆ. ಲಸಿಕೆಯಲ್ಲಿ ಆ ಸಕ್ಕರೆಯನ್ನು ಒಂದು ಪ್ರೋಟೀನಿಗೆ ಅಂಟಿಸಿರುತ್ತಾರೆ. ಆಗ ಎಳೆ ಮಗುವಿನ ದೇಹವೂ ಅದನ್ನು ಗುರುತಿಸಿ ಪ್ರತಿರೋಧ ಬೆಳೆಸುತ್ತದೆ. ಎರಡು ತಿಂಗಳು ತಡ ಮಾಡಿದರೆ ಅಪಾಯ ಜಾಸ್ತಿ ಇರುವ ದಿನಗಳನ್ನೇ ಸುಮ್ನೆ ಖಾಲಿ ಬಿಟ್ಟ ಹಾಗಾಗುತ್ತದೆ.

ಉಚಿತ ಅಂದರೆ ಕಳಪೆ ಅಂದುಕೊಳ್ಳಬೇಡಿ. 2017ರಲ್ಲಿ ಹಿಮಾಚಲ, ಬಿಹಾರ, ಉತ್ತರಪ್ರದೇಶದಲ್ಲಿ ಸರ್ಕಾರ ಶುರು ಮಾಡಿದ ನ್ಯುಮೋಕಾಕಲ್ ಲಸಿಕೆ 2021ರಲ್ಲಿ ದೇಶಕ್ಕೆಲ್ಲ ವಿಸ್ತರಿಸಿತು. 6 ವಾರ, 14 ವಾರ, ಆಮೇಲೆ 9 ತಿಂಗಳಿಗೆ ಬೂಸ್ಟರ್. ಸರ್ಕಾರಿ ಕಾರ್ಯಕ್ರಮದಲ್ಲಿ ಬಳಸುವ, ಪುಣೆಯ ಸೀರಂ ಇನ್‌ಸ್ಟಿಟ್ಯೂಟಿನ ನ್ಯುಮೋಸಿಲ್ ಲಸಿಕೆ 10 ಬಗೆಯ ನ್ಯುಮೋಕಾಕಸ್ ತಡೆಯುತ್ತದೆ, ಪ್ರೈವೇಟಿನಲ್ಲಿ ಸಿಗುವ ಪ್ರೆವೆನಾರ್ 13 ಬಗೆಯದು. ಆ ಮೂರು ಬಗೆಗಾಗಿ ಮೊದಲ ಡೋಸ್ ಮುಂದೂಡುವುದು ನನ್ನ ಪ್ರಕಾರ ಸರಿಯಲ್ಲ.

ನಾನು ಪದೇ ಪದೇ ನೋಡುವ ತೊಂದರೆ ಬೇರೆಯೇ ಇದೆ. ಬಾಣಂತನಕ್ಕೆ ತವರಿಗೆ ಹೋದವರು ಮೊದಲ ಡೋಸ್ ಅಲ್ಲೇ ಹಾಕಿಸುತ್ತಾರೆ. ಬೆಂಗಳೂರಿಗೆ ವಾಪಸ್ ಬರುವ ಗಡಿಬಿಡಿಯಲ್ಲಿ 14 ವಾರದ್ದು ತಪ್ಪಿಹೋಗುತ್ತದೆ. "ಕಾರ್ಡ್ ಅಮ್ಮನ ಮನೆಯಲ್ಲೇ ಇದೆ ಸಿಸ್ಟರ್" ಅನ್ನುತ್ತಾರೆ. ತಾಯಿ ಕಾರ್ಡ್ ನಿಮ್ಮ ಜೊತೆಗೇ ಇಟ್ಟುಕೊಳ್ಳಿ, ಮೊಬೈಲಿನಲ್ಲೂ ಫೋಟೋ ತೆಗೆದಿಡಿ. ಹಾಸನದಲ್ಲಿ ಶುರು ಮಾಡಿದ್ದನ್ನು ಇಲ್ಲಿ ಮುಂದುವರಿಸಬಹುದು. ಡೋಸ್ ತಡವಾಗಿದ್ದರೂ ಮೊದಲಿಂದ ಶುರು ಮಾಡಬೇಕಿಲ್ಲ. ಒಂದೇ ದಿನ ಎರಡೂ ತೊಡೆಗೆ ಇಂಜೆಕ್ಷನ್ ಕೊಟ್ಟರೆ ಗಾಬರಿ ಬೇಡ. ಆ ಜಾಗಕ್ಕೆ ಎಣ್ಣೆ ಹಚ್ಚಿ ತಿಕ್ಕಬೇಡಿ.

ಲಸಿಕೆ ಹಾಕಿಸಿದರೂ ವೈರಸ್‌ನ ನೆಗಡಿ, ಕೆಮ್ಮು ಬರುತ್ತದೆ. ಎಲ್ಲ ನ್ಯುಮೋನಿಯಾವೂ ನಿಲ್ಲುವುದಿಲ್ಲ. ಹಾಗಾಗಿ ಮಗು ಮಲಗಿರುವಾಗ ಉಸಿರು ಎಣಿಸುವುದು ಕಲಿತಿರಿ. ಎರಡು ತಿಂಗಳೊಳಗೆ ನಿಮಿಷಕ್ಕೆ 60, ಎರಡರಿಂದ ಹನ್ನೆರಡು ತಿಂಗಳವರೆಗೆ 50 ಮುಟ್ಟಿದರೆ, ಅಥವಾ ಉಸಿರೆಳೆದಾಗ ಪಕ್ಕೆ ಒಳಗೆ ಸೆಳೆದುಕೊಂಡರೆ, ಬೆಳಗಾಗಲಿ ಅಂತ ಕಾಯದೆ ಆಸ್ಪತ್ರೆಗೆ ಹೊರಡಿ. ಎರಡು ತಿಂಗಳೊಳಗಿನ ಮಗುವಿಗೆ ಜ್ವರ ಬಂದರೂ ಅಷ್ಟೇ.

ನೀವು ಕೂಡಿಡುತ್ತಿರುವ ದುಡ್ಡನ್ನು ಟೈಫಾಯ್ಡ್ ಲಸಿಕೆಗೆ ಇಟ್ಟುಕೊಳ್ಳಿ. ಅದು ಸರ್ಕಾರಿ ಪಟ್ಟಿಯಲ್ಲಿಲ್ಲ. ಆರು ತಿಂಗಳು ತುಂಬಿದ ಮೇಲೆ ಯಾವಾಗ ಹಾಕಿಸಬೇಕು ಅಂತ ಮಕ್ಕಳ ಡಾಕ್ಟರನ್ನು ಕೇಳಿ.